ಮೂವರಿದ್ದರೆ ಪುಕ್ಕಟೆ ದಾರಿ

ವರ್ಲೀನ್ ಟಿಬ್ಸ್ ಹತ್ತೊಂಬತ್ತು ವರ್ಷ ಒಂದೇ ಸಾಲಿನಲ್ಲಿ ನಿಂತ ಹೆಂಗಸು. ವರ್ಜೀನಿಯಾದ ವುಡ್‌ಬ್ರಿಜ್ ಊರಿನ ಹಾರ್ನರ್ ರಸ್ತೆಯ ಪಾರ್ಕಿಂಗ್ ಬಯಲಿನಲ್ಲಿ, ಬೆಳಿಗ್ಗೆ ಆರಕ್ಕೆ, "ಪೆಂಟಗನ್" ಎಂದು ಬರೆದ ಫಲಕದ ಕೆಳಗೆ. ಬಸ್ಸಿಗೆ ಕಾಯುವವರ ಸಾಲು ಬೇರೆ. ಈ ಸಾಲಿನವರು ಕಾಯುವುದು ಗುರುತು ಪರಿಚಯವಿಲ್ಲದವರ ಕಾರಿಗೆ. ಕಾರಿನಲ್ಲಿ ಓಡಿಸುವವನೂ ಸೇರಿ ಮೂವರಿದ್ದರೆ, ಹೆದ್ದಾರಿಯಲ್ಲಿ ವೇಗಕ್ಕೆಂದೇ ಬೇರ್ಪಡಿಸಿದ ಎಕ್ಸ್‌ಪ್ರೆಸ್ ಲೇನಿನಲ್ಲಿ ಟೋಲ್ ಇಲ್ಲ. ಒಬ್ಬನೇ ಹೋದರೆ ದಟ್ಟಣೆ ಏರಿದಂತೆಲ್ಲ ದರವೂ ಏರಿ, ಕೆಲವು ದಿನ ಮೂವತ್ತು ಡಾಲರ್ ದಾಟುತ್ತದೆ. ಹಾಗಾಗಿ ಒಂಟಿ ಡ್ರೈವರುಗಳು ಸಾಲಿನ ಮುಂದೆ ಕಾರು ನಿಲ್ಲಿಸಿ, ಗಾಜು ಇಳಿಸಿ, "ಪೆಂಟಗನ್, ಇಬ್ಬರು" ಎನ್ನುತ್ತಾರೆ. ಮುಂದಿನ ಇಬ್ಬರು ಹತ್ತುತ್ತಾರೆ. ಅವನಿಗೆ ಟೋಲ್ ಉಳಿಯಿತು, ಇವರಿಗೆ ಬಸ್ ಚಾರ್ಜು ಉಳಿಯಿತು. ಯಾರೂ ಯಾರಿಗೂ ಏನೂ ಕೊಡಬೇಕಾಗಿಲ್ಲ. ಹೀಗೆ ಹೋಗುವವರನ್ನು ಆ ಕಡೆ ಸ್ಲಗ್ ಎನ್ನುತ್ತಾರೆ.

ಸಾಲಿಗೆ ತನ್ನದೇ ಕಟ್ಟಳೆಗಳಿದ್ದವು. ಕಾರಿನಲ್ಲಿ ತಿನ್ನಬಾರದು, ಫೋನಿನಲ್ಲಿ ಹರಟಬಾರದು, ರೇಡಿಯೊ ಬದಲಿಸಿ ಎನ್ನಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಓಡಿಸುವವನು ತಾನಾಗಿ ಮಾತಾಡಿಸದ ಹೊರತು ಹತ್ತಿದವರು ಬಾಯಿ ತೆರೆಯಬಾರದು. ಇಳಿಯುವಾಗ ಒಂದು "ಥ್ಯಾಂಕ್ಯೂ", ಅಷ್ಟೆ. ಈ ಮೌನ ವರ್ಲೀನಳಿಗೆ ಒಗ್ಗಿಹೋಗಿತ್ತು. ಅವಳ ಕೆಲಸವೂ ಮೌನದ್ದೇ. ಪೆಂಟಗನ್ ಹತ್ತಿರದ ಒಂದು ದರ್ಜಿ ಅಂಗಡಿಯಲ್ಲಿ ಸೈನಿಕರ ಸಮವಸ್ತ್ರಕ್ಕೆ ಹೆಸರಿನ ಪಟ್ಟಿ, ಭುಜದ ಬಿಲ್ಲೆ ಹೊಲಿಯುವುದು, ಬಡ್ತಿ ಸಿಕ್ಕವರ ತೋಳಿಗೆ ಹೊಸ ಪಟ್ಟೆ ಕೂರಿಸುವುದು. ಕೋಟಿನ ಭುಜ ನೋಡಿಯೇ ಅದನ್ನು ತೊಡುವವನು ಯಾವ ಕೈಯಲ್ಲಿ ಚೀಲ ಹಿಡಿಯುತ್ತಾನೆ ಎಂದು ಹೇಳಬಲ್ಲವಳು. ದಕ್ಷಿಣ ವರ್ಜೀನಿಯಾದ ಕಡಲೆಕಾಯಿ ಹೊಲಗಳ ನಡುವೆ ಹುಟ್ಟಿ, ಇಪ್ಪತ್ತೆರಡಕ್ಕೆ ಉತ್ತರಕ್ಕೆ ಬಂದಳು. ಗಂಡ ಓಟಿಸ್ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಭಾನುವಾರ ಚರ್ಚಿನ ಗಾಯನದಲ್ಲಿ ಎರಡನೆಯ ಸಾಲಿನಲ್ಲಿ ನಿಲ್ಲುತ್ತಿದ್ದಳು.

ಅವಳಿಗೆ ಏನಾದರೂ ಅಂದು ದಕ್ಕಿಸಿಕೊಂಡವರು ಕಡಿಮೆ. ಒಮ್ಮೆ ಒಬ್ಬ ಕ್ಯಾಪ್ಟನ್ ಅಂಗಡಿಯ ಎಲ್ಲರ ಎದುರು ಅವಳನ್ನು "ಏ ಹುಡುಗಿ" ಎಂದು ಕರೆದ. ಆಗ ಅವಳಿಗೆ ಐವತ್ತೆರಡು. ನಕ್ಕು ಅವನ ಕೋಟು ತೆಗೆದುಕೊಂಡಳು, ಎರಡನೆಯ ಗುಂಡಿಯ ದಾರವನ್ನು ಅರ್ಧ ಕತ್ತರಿಸಿ ಒಪ್ಪವಾಗಿ ಇಸ್ತ್ರಿ ಮಾಡಿ ಕೊಟ್ಟಳು. ಜನರಲ್ ಎದುರು ಎದೆಯುಬ್ಬಿಸಿ ನಿಂತಾಗ ಆ ಗುಂಡಿ ಹಾರಿತಂತೆ. ಈ ಸುದ್ದಿ ಅಂಗಡಿಗೆ ಬಂದ ದಿನ ಅವಳು ತಾನೇ ಎಲ್ಲರಿಗೂ ಕಾಫಿ ಮಾಡಿ ಕೊಟ್ಟಳು.

ಸಾಲಿನಲ್ಲಿ ಅವಳ ಜೊತೆಗಾತಿ ಯುಫೇಮಿಯಾ ಚೋಕೆ. ಬೊಲಿವಿಯಾದ ಕೊಚಬಾಂಬಾದವಳು, ವಯಸ್ಸು ಐವತ್ತೈದು. ಪೆಂಟಗನ್ ಪಕ್ಕದ ಕಚೇರಿ ಕಟ್ಟಡವೊಂದರ ಕಸಗುಡಿಸುವವರ ಮೇಲ್ವಿಚಾರಕಿ. ಗಿಡ್ಡ ಆಳು, ದೊಡ್ಡ ಬಾಯಿ. ಕಾರು ಬರುವ ತನಕ ಒಂದೇ ಸಮನೆ ಮಾತಾಡುತ್ತಿದ್ದಳು, ಕಾರು ಹತ್ತಿದ ಕೂಡಲೇ ಕಷ್ಟಪಟ್ಟು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮಗಳು ಯೋವಾನಾಳ ಹದಿನೈದನೆಯ ಹುಟ್ಟುಹಬ್ಬಕ್ಕೆ ವರ್ಲೀನಳನ್ನು ಕೇಕಿನ ಧರ್ಮತಾಯಿ ಮಾಡಿದ್ದಳು. ಬೊಲಿವಿಯಾದವರಲ್ಲಿ ಕೇಕಿಗೂ, ಅದರ ಖರ್ಚು ಹೊರುವ ಒಬ್ಬಳು ಧರ್ಮತಾಯಿ ಬೇಕು. ಅಂದಿನಿಂದ ಇಬ್ಬರೂ ಕೊಮಾದ್ರೆಗಳು, ಅಂದರೆ ಬೀಗಿತಿಯರಷ್ಟು ಹತ್ತಿರ. "ಕೊಮಾದ್ರೆ, ನಿನ್ನ ಬೆನ್ನಿಗೆ ಹಲಗೆ ಕಟ್ಟಿದ್ದಾರೇನೇ? ಸ್ವಲ್ಪ ಬಗ್ಗು, ನನ್ನ ಮಾತು ನಿನ್ನ ಕಿವಿಗೆ ಮುಟ್ಟಬೇಕಲ್ಲ!" ಎಂದು ಯುಫೇಮಿಯಾ ಛೇಡಿಸಿದರೆ, "ನಿನ್ನ ಮಾತು ಮುಟ್ಟದೆ ಇರೋ ಜಾಗ ಈ ವರ್ಜೀನಿಯಾದಲ್ಲಿ ಎಲ್ಲಿದೆ ಹೇಳು, ಅಲ್ಲಿಗೇ ಮನೆ ಬದಲಾಯಿಸ್ತೀನಿ" ಎಂದು ವರ್ಲೀನ್ ಗುರುಗುಡುತ್ತಿದ್ದಳು. ಹನ್ನೊಂದು ವರ್ಷ ಹೀಗೆ ನಡೆಯಿತು.

ಕೊರೊನಾ ಕಳೆದ ಎರಡನೆಯ ಮಾರ್ಚ್ ತಿಂಗಳ ಒಂದು ಮಂಗಳವಾರ, ಇಬ್ಬರೂ ಒಂದು ದೊಡ್ಡ ಕಪ್ಪು ಕಾರು ಹತ್ತಿದರು. ಕಾರಿನವನು ಕರ್ಟಿಸ್ ವೆಂಡ್ಲಿಂಗ್. ಸರ್ಕಾರಿ ಗುತ್ತಿಗೆಯ ಕಂಪನಿಯೊಂದರಲ್ಲಿ ಯೋಜನಾ ಮುಖ್ಯಸ್ಥ, ನಲವತ್ತೈದರ ಆಸುಪಾಸು, ಸದಾ ಮೀಟಿಂಗಿನ ಗಡಿಬಿಡಿ. ಸಾಲಿನವರಿಗೆ ಅವನ ಮುಖ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಯುಫೇಮಿಯಾ ಮುಂದೆ ಕೂತಳು, ವರ್ಲೀನ್ ಹಿಂದೆ. ಅವನು ಗಾಜಿಗೆ ಅಂಟಿಸಿದ್ದ ಟೋಲ್ ಡಬ್ಬಿಯ ಗುಂಡಿಯನ್ನು ಮೂವರ ಗುರುತಿಗೆ ಸರಿಸಿ ಹೊರಟ.

ಆಕಕ್ವಾನ್ ನದಿಯ ಸೇತುವೆ ದಾಟುವಾಗ ಯುಫೇಮಿಯಾಳ ಕೈಯಿಂದ ಥರ್ಮಾಸ್ ಜಾರಿ ಕಾಲ ಬಳಿ ಉರುಳಿತು. ಅವಳು ಬಗ್ಗಿ ಎತ್ತಲಿಲ್ಲ. ವರ್ಲೀನಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಆದರೂ ಕಾರಿನ ಕಟ್ಟಳೆ ನೆನೆದು ಸುಮ್ಮನಿದ್ದಳು. ನಿದ್ದೆ ಬಂದಿರಬೇಕು, ನಿನ್ನೆ ಯೋವಾನಾಗೆ ಜ್ವರ ಅಂದಿದ್ದಳಲ್ಲ, ಎಂದುಕೊಂಡಳು. ಲಾರ್ಟನ್ ದಾಟಿತು. ಆಗ ಯುಫೇಮಿಯಾ ಏನೋ ಅಂದಳು. ಅದು ಇಂಗ್ಲಿಷೂ ಅಲ್ಲ, ಸ್ಪ್ಯಾನಿಷೂ ಅಲ್ಲ, ಬಾಯಿ ತುಂಬ ಅನ್ನ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ವರ್ಲೀನ್ ಮುಂದಕ್ಕೆ ಬಾಗಿ ನೋಡಿದಳು. ಮುಖದ ಬಲಭಾಗ ಕೆಳಗೆ ಜೋತುಬಿದ್ದಿತ್ತು.

"ಸಾರ್, ಗಾಡಿ ನಿಲ್ಲಿಸಿ! ಇವಳಿಗೆ ಪಾರ್ಶ್ವವಾಯು ಹೊಡೀತಿದೆ."

"ಇಲ್ಲೆಲ್ಲಿ ನಿಲ್ಸೋದು ಮೇಡಂ? ಎಕ್ಸ್‌ಪ್ರೆಸ್ ಲೇನ್ ಇದು."

ವರ್ಲೀನ್ ತುರ್ತು ಸಂಖ್ಯೆಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಸಮಾಧಾನವಾಗಿ, ಸ್ಪ್ರಿಂಗ್‌ಫೀಲ್ಡಿನ ಇಳಿದಾರಿಗೆ ಬನ್ನಿ, ಆಂಬುಲೆನ್ಸ್ ಅಲ್ಲೇ ಕಾಯುತ್ತದೆ, ಎಂದಳು. ವರ್ಲೀನ್ ಅದನ್ನೇ ಗಟ್ಟಿಯಾಗಿ ಹೇಳಿದಳು. ವೆಂಡ್ಲಿಂಗ್ ತಲೆಯ ಮೇಲೆ ಹಾದುಹೋದ ದರದ ಫಲಕ ನೋಡಿದ, ಕೈಗಡಿಯಾರ ನೋಡಿದ.

"ನೀವಿಬ್ರೂ ಅಲ್ಲಿ ಇಳಿದ್ರೆ ನಾನೊಬ್ನೇ ಆಗ್ತೀನಿ. ಗೊತ್ತಾಯ್ತಾ? ಪೆಂಟಗನ್ನಿಗೆ ಇನ್ನು ಹದಿನೈದೇ ನಿಮಿಷ. ಅಲ್ಲೂ ಡಾಕ್ಟರು ಇರ್ತಾರೆ. ಅಲ್ಲಿಗೇ ಆಂಬುಲೆನ್ಸ್ ಕರೀರಿ."

"ಅವಳ ಮುಖ ನೋಡ್ರೀ!"

ಅವನು ನೋಡಲಿಲ್ಲ. ಸ್ಪ್ರಿಂಗ್‌ಫೀಲ್ಡಿನ ಇಳಿದಾರಿ ಬಲಗಡೆ ತೆರೆದುಕೊಂಡಿತು. ಆಂಬುಲೆನ್ಸಿನ ಕೆಂಪು ದೀಪ ವರ್ಲೀನಳ ಕಣ್ಣಿಗೆ ಬಿತ್ತು. ಕಾರು ನೇರ ಹೋಯಿತು. ಅಲ್ಲಿಂದ ಮುಂದೆ ಯಾರೋ ಯಾರಿಗೋ ಡಿಕ್ಕಿ ಹೊಡೆದು ಲೇನು ಕಟ್ಟಿಕೊಂಡಿತ್ತು. ಹದಿನೈದು ನಿಮಿಷ ಐವತ್ತಾಯಿತು. ವರ್ಲೀನ್ ಹಿಂದಿನಿಂದ ಕೈ ಚಾಚಿ ಗೆಳತಿಯ ತಲೆ ಹಿಡಿದುಕೊಂಡೇ ಇದ್ದಳು. ಬೇಡಿಕೊಂಡಳು, ಬೈದಳು, ಅವನ ಸೀಟಿಗೆ ಗುದ್ದಿದಳು. "ಹೀಗೆ ಮಾಡಿದ್ರೆ ಆ್ಯಕ್ಸಿಡೆಂಟ್ ಆಗುತ್ತೆ ಮೇಡಂ" ಎಂದನೇ ಹೊರತು ಬೇರೆ ಮಾತಾಡಲಿಲ್ಲ. ಪೆಂಟಗನ್ ನಿಲ್ದಾಣದಲ್ಲಿ ಇಬ್ಬರು ಸಿಪಾಯಿಗಳು ಯುಫೇಮಿಯಾಳನ್ನು ಎತ್ತಿ ಇಳಿಸಿದರು. ವರ್ಲೀನ್ ತಿರುಗಿ ನೋಡುವಷ್ಟರಲ್ಲಿ ಕಪ್ಪು ಕಾರು ಹೊರಟುಹೋಗಿತ್ತು. ಅವಳು ಅದರ ನಂಬರನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಆಂಬುಲೆನ್ಸ್ ಹತ್ತಿದಳು.

ಯುಫೇಮಿಯಾ ಬದುಕಿದಳು. ಬಲಗೈ, ಬಲಗಾಲು ಹೋದವು. ಅಷ್ಟು ದೊಡ್ಡ ಬಾಯಿಯಲ್ಲಿ ನಾಲ್ಕೈದು ಮಾತು ಉಳಿದವು. ಮುಕ್ಕಾಲು ಗಂಟೆ ಮುಂಚೆ ಬಂದಿದ್ದರೆ ಬಹುಶಃ ಕೈ ಉಳಿಯುತ್ತಿತ್ತು, ಮಾತೂ ಉಳಿಯುತ್ತಿತ್ತೇನೋ, ಎಂದರು ಡಾಕ್ಟರು. "ಬಹುಶಃ" ಎಂದು ಅವರು ಎರಡು ಸಲ ಹೇಳಿದರು. ವರ್ಲೀನಳ ಕಿವಿಗೆ ಆ ಮಾತು ಬೀಳಲಿಲ್ಲ. ಬಿದ್ದದ್ದು ಮುಕ್ಕಾಲು ಗಂಟೆ ಮಾತ್ರ.

ಪೊಲೀಸರ ಬಳಿ ಹೋದಳು. ಅಲ್ಲಿದ್ದ ಅಧಿಕಾರಿ ಪೂರ್ತಿ ಕೇಳಿಸಿಕೊಂಡ, ಮರುಗಿದ, ಯಾವ ಕಲಮಿನ ಕೆಳಗೆ ಹಾಕಲಿ ಅಂತ ನನಗೇ ತಿಳಿಯುತ್ತಿಲ್ಲ ತಾಯಿ, ಎಂದ. ವಕೀಲನೊಬ್ಬ, ಕೇಸು ಹಾಕಬಹುದು, ಗೆಲ್ಲುವುದು ಕಷ್ಟ, ಎಂದ. ಕೊನೆಗೆ ಅವಳು ಟೋಲ್ ಕಚೇರಿಗೆ ನಾಲ್ಕು ಪುಟದ ಪತ್ರ ಬರೆದಳು. ಮೂರು ವಾರಕ್ಕೆ ಉತ್ತರ ಬಂತು. ಸದರಿ ದಿನದಂದು ವಾಹನದಲ್ಲಿ ಮೂವರಿದ್ದು, ಡಬ್ಬಿಯು ಸರಿಯಾದ ಗುರುತಿನಲ್ಲಿದ್ದುದರಿಂದ, ಪ್ರಯಾಣವು ನಿಯಮಬದ್ಧವಾಗಿ ಉಚಿತವಾಗಿತ್ತು. ಬರೆದದ್ದಕ್ಕೆ ಧನ್ಯವಾದ.

ವರ್ಲೀನ್ ಅಡುಗೆಮನೆಯ ಮೇಜಿನ ಬಳಿ ಕೂತು ಆ ಪತ್ರವನ್ನು ಮತ್ತೆ ಮತ್ತೆ ಓದಿದಳು. ಅವಳು ಅಳಲಿಲ್ಲ. ಅರ್ಧ ಸತ್ತ ಯುಫೇಮಿಯಾಳನ್ನು ಸೇರಿಸಿ ಮೂವರು! ಅವನು ಆ ಹೆಣ್ಣುಮಗಳನ್ನು ಹೊತ್ತು ತಂದದ್ದು ಮನುಷ್ಯಳು ಅಂತಲ್ಲ, ಲೆಕ್ಕಕ್ಕೆ ಒಂದು ತಲೆ ಅಂತ. "ನಿಯಮ ಅಂತೀಯಾ?" ಎಂದು ಅವಳು ಖಾಲಿ ಅಡುಗೆಮನೆಗೆ ಕೇಳಿಸುವಂತೆ ಅಂದಳು. "ಆಯ್ತು. ನಿಯಮದಲ್ಲೇ ನಿನ್ನ ಹಲ್ಲು ಉದುರಿಸ್ತೀನಿ."

ನಿಯಮಗಳಿಗೆ ಸಾಲಿನಲ್ಲಿ ಒಬ್ಬ ಪಂಡಿತನಿದ್ದ. ಹರ್ಷೆಲ್ ಬ್ಲೌಂಟ್, ನೌಕಾದಳದ ಗುಮಾಸ್ತ, ಇನ್ನೇನು ನಿವೃತ್ತನಾಗುವವನು. ಯಾವ ಗಾಡಿ ಬಿಟ್ಟಿ, ಯಾವುದು ಅಲ್ಲ ಎಂಬುದು ಅವನಿಗೆ ಬಾಯಿಪಾಠ. ಮರುದಿನ ಬೆಳಿಗ್ಗೆ ವರ್ಲೀನ್ ಅವನ ಪಕ್ಕ ನಿಂತಳು.

"ಹರ್ಷೆಲ್, ಪುಕ್ಕಟೆ ಯಾರ್ಯಾರು ಹೋಗ್ಬಹುದು? ಎಲ್ಲಾ ಹೇಳಿ."

"ಮೂರು ಜನ ಇರೋ ಕಾರು, ಡಬ್ಬಿ ಗುಂಡಿ ಸರಿಸಿದ್ರೆ ಮಾತ್ರ. ಗುಂಡಿ ಮರೆತ್ರೆ ಮೂವರಿದ್ರೂ ದುಡ್ಡು. ಬಸ್ಸು. ಮೋಟರ್‌ಬೈಕು, ಒಬ್ಬನೇ ಇದ್ರೂ. ಕೆಲಸದ ಮೇಲಿರೋ ಆಂಬುಲೆನ್ಸು, ಅಗ್ನಿಶಾಮಕದವ್ರು."

"ಎಲೆಕ್ಟ್ರಿಕ್ ಕಾರು?"

"ಅದೆಲ್ಲ ಹಿಂದೆ ಇತ್ತು ಮಿಸ್ ವರ್ಲೀನ್. ಈಗ ಅವ್ರೂ ನಮ್ಮ ಹಾಗೇ ತಲೆ ಎಣಿಸ್ಬೇಕು."

"ಮಗು?"

"ಹುಟ್ಟಿದ ಮಗು ಲೆಕ್ಕಕ್ಕೆ ಬರುತ್ತೆ, ಹೊಟ್ಟೇಲಿರೋದು ಬರಲ್ಲ. ನಾಯಿ ಬರಲ್ಲ. ಹೆಣ ಬರಲ್ಲ. ಬೊಂಬೆಯಂತೂ ಬರೋದೇ ಇಲ್ಲ, ಬೊಂಬೆ ಕೂರಿಸಿ ಸಿಕ್ಕಿಬಿದ್ರೆ ಪೊಲೀಸ್ನೋರಿಗೆ ಹಬ್ಬ. ದಂಡ ಪ್ರತಿ ಸಲಕ್ಕೂ ಏರುತ್ತೆ, ಆಮೇಲೆ ಲೈಸನ್ಸಿಗೂ ಕಪ್ಪು ಚುಕ್ಕೆ. ಯಾಕೆ, ಕಾರು ಕೊಳ್ತಿದೀರಾ?"

"ಇಲ್ಲಪ್ಪ. ಒಬ್ಬನಿಗೆ ಪುಕ್ಕಟೆ ದಾರಿ ಬಿಡಿಸ್ಬೇಕು."

ಯುಫೇಮಿಯಾಳ ಕತೆಯನ್ನು ಹರ್ಷೆಲ್‌ಗೆ ಹೇಳಿದಳು. ಅವನ ಹಿಂದಿದ್ದವಳಿಗೆ ಹೇಳಿದಳು. ಹಿಂದಿನ ಇಪ್ಪತ್ತು ಜನಕ್ಕೂ ಒಬ್ಬೊಬ್ಬರ ಬಳಿ ಹೋಗಿ ಹೇಳಿದಳು, ನಂಬರ್ ಸಮೇತ. ಹತ್ತೊಂಬತ್ತು ವರ್ಷದಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಎರಡು ದಿನ ಬಿಟ್ಟು ಕಪ್ಪು ಕಾರು ಬಂತು. ಗಾಜು ಇಳಿಯಿತು.

"ಪೆಂಟಗನ್, ಇಬ್ಬರು."

ಯಾರೂ ಅಲುಗಾಡಲಿಲ್ಲ.

"ಪೆಂಟಗನ್! ಇದೇ ಸಾಲು ತಾನೇ?"

"ಇದೇ ಸಾಲು" ಎಂದ ಹರ್ಷೆಲ್. "ನೀವು ಮುಂದೆ ಸರೀರಿ, ಹಿಂದಿನ ಕಾರಿಗೆ ದಾರಿ ಬಿಡಿ."

ವೆಂಡ್ಲಿಂಗ್ ಕಣ್ಣಾಡಿಸಿದ. ಸಾಲಿನ ಮೊದಲಲ್ಲಿ ನೆಟ್ಟಗೆ ನಿಂತಿದ್ದ ವರ್ಲೀನಳನ್ನು ಕಂಡು ಅವನ ಮುಖ ಕೆಂಪೇರಿತು. ಅವಳು ಹಲ್ಲು ಕಾಣಿಸುವಂತೆ ನಕ್ಕು, ತಲೆಬಾಗಿ ವಂದಿಸಿದಳು. ಹಿಂದಿನ ಕಾರಿಗೆ ಇಬ್ಬರು ಓಡಿಹೋಗಿ ಹತ್ತಿದರು. ಅವನು ಟೈರು ಕಿರುಚುವಂತೆ ಹೊರಟುಹೋದ. ಆ ದಿನ ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಗುನುಗುನಿಸುತ್ತಿದ್ದಳೆಂದು ಅಂಗಡಿಯವರು ಆಶ್ಚರ್ಯಪಟ್ಟರು.

ಅವನು ಬೇರೆ ಸಾಲುಗಳಿಗೆ ಹೋದ. ಆ ದಾರಿಯಲ್ಲಿ ಅಂಥ ಪಾರ್ಕಿಂಗ್ ಬಯಲುಗಳು ಐದಾರು ಇದ್ದವು. ವರ್ಲೀನ್ ಒಂದು ವಾರ ರಜೆ ಹಾಕಿ, ದಿನಕ್ಕೊಂದು ಸಾಲಿಗೆ ಹೋಗಿ ನಿಂತು ಅದೇ ಕತೆ ಹೇಳಿದಳು. ಹೇಳಲು ವಿಶೇಷ ಕಷ್ಟವಾಗಲಿಲ್ಲ. ಕಾರಿನಲ್ಲಿ ಕೂತವರಿಗೆಲ್ಲ ಒಳಗೊಳಗೇ ಇದ್ದ ಭಯವೇ ಅದು. ಗುರುತಿಲ್ಲದವನ ಕಾರಿನಲ್ಲಿ ನನಗೇ ಹೀಗಾದರೆ? ಹರ್ಷೆಲ್ ಸ್ಲಗ್‌ಗಳ ಅಂತರ್ಜಾಲದ ಗೋಡೆಗೆ ನಂಬರ್ ಬರೆದು ಹಾಕಿದ. ಏಪ್ರಿಲ್ ಮುಗಿಯುವಷ್ಟರಲ್ಲಿ ಕಪ್ಪು ಕಾರಿಗೆ ಹತ್ತುವವರು ಇಡೀ ದಾರಿಯಲ್ಲಿ ಒಬ್ಬರೂ ಉಳಿದಿರಲಿಲ್ಲ.

ಅವನು ಟೋಲ್ ಕೊಟ್ಟು ಹೋಗುತ್ತಿರಬೇಕು ಎಂದುಕೊಂಡಳು ವರ್ಲೀನ್. ಅದು ಅವಳಿಗೆ ಸಾಲದಾಗಿತ್ತು. ಟೋಲ್ ಕೊಟ್ಟರೆ ಏನಾಯಿತು? ಯುಫೇಮಿಯಾ ಎಡಗೈಯಲ್ಲಿ ಚಮಚ ಹಿಡಿಯಲು ಕಲಿಯುತ್ತಿದ್ದಳು. ತನ್ನ ಊರಿನ ಸಾಲ್ಟೇನಿಯಾ ಕಡುಬಿನ ರಸ ಗಲ್ಲದ ಮೇಲೆ ಸುರಿದರೆ ನಾಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಸಂಜೆ ಅವಳ ಗಲ್ಲ ಒರೆಸಿ ಮನೆಗೆ ಬಂದ ದಿನಗಳಲ್ಲಿ ವರ್ಲೀನಳಿಗೆ ಊಟ ಸೇರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಮಂಡಿನೋವು ಹೆಚ್ಚಾಗಿ, ಕೆಲವು ದಿನ ಸಾಲು ಬಿಟ್ಟು ಬಸ್ಸಿನಲ್ಲಿ ಹೋದಳು. ಬಸ್ಸೂ ಎಕ್ಸ್‌ಪ್ರೆಸ್ ಲೇನಿನಲ್ಲೇ ಹೋಗುತ್ತದೆ, ಸೀಟು ಎತ್ತರ. ಒಂದು ಗುರುವಾರ ಲಾರ್ಟನ್ ಬಳಿ ಕೆಳಗೆ ನೋಡಿದರೆ ಅದೇ ಕಪ್ಪು ಕಾರು. ಪಕ್ಕದ ಸೀಟಿನಲ್ಲಿ ಟೋಪಿ ಹಾಕಿಕೊಂಡು ಒರಗಿದ ಒಬ್ಬ, ಹಿಂದೆ ಮತ್ತೊಬ್ಬ. ಅಯ್ಯೋ, ಇವನಿಗೂ ಯಾರೋ ಸಿಕ್ಕಿಬಿಟ್ಟರಲ್ಲ ಎಂದುಕೊಂಡಳು. ಆಮೇಲೆ ಅವಳ ಕಣ್ಣು ಮುಂದಿನವನ ಕೋಟಿನ ಮೇಲೆ ನಿಂತಿತು. ತೋಳು ಭುಜದಿಂದ ಇಳಿದ ರೀತಿ ಸರಿಯಿರಲಿಲ್ಲ. ಒಳಗೆ ಮೂಳೆಯಿರುವ ತೋಳು ಹಾಗೆ ಮಡಚುವುದಿಲ್ಲ. ಮೊಣಕೈ ಇರಬೇಕಾದ ಜಾಗದಲ್ಲಿ ದಿಂಬಿನ ಉಬ್ಬು. ಕಾಲರಿನ ಒಳಗೆ ಕುತ್ತಿಗೆಯೇ ಇಲ್ಲ.

"ಬೊಂಬೆ!" ಎಂದಳು ಗಟ್ಟಿಯಾಗಿ. ಪಕ್ಕದ ಸೀಟಿನವಳು ಬೆಚ್ಚಿದಳು. "ಕ್ಷಮಿಸಿ ತಾಯಿ, ದೇವರು ದೊಡ್ಡವನು ಅಂದೆ" ಎಂದು ವರ್ಲೀನ್ ಫೋನ್ ತೆಗೆದಳು.

ಮೊದಲ ದಿನ ಪೊಲೀಸರು ಬರುವಷ್ಟರಲ್ಲಿ ಕಾರು ಹೋಗಿತ್ತು. ಆದರೆ ಅವಳು ಬಿಡುವವಳಲ್ಲ. ಅವನು ಹೊರಡುವ ಹೊತ್ತು ಕಂಡುಕೊಂಡಳು, ಅದೇ ಹೊತ್ತಿನ ಬಸ್ಸು ಹಿಡಿದಳು, ಎಡಗಡೆಯ ಕಿಟಕಿಯ ಸೀಟಿನಲ್ಲೇ ಕೂತಳು. ಟೋಪಿಯ ಬಣ್ಣ, ಕೋಟಿನ ಬಟ್ಟೆ, ದಾಟಿದ ನಿಮಿಷ ಎಲ್ಲವನ್ನೂ ಬರೆದು ರಾಜ್ಯ ಪೊಲೀಸರ ಠಾಣೆಗೆ ಒಯ್ದಳು. ಹೆದ್ದಾರಿ ಗಸ್ತಿನ ಹಿಗ್ಗಿನ್ಸ್ ಎಂಬ ಪೊಲೀಸಿನವಳು ಓದಿ ನಕ್ಕಳು. "ಒರಟು ಉಣ್ಣೆ ಬಟ್ಟೆ, ಎಡ ಭುಜ ಒಂದಿಂಚು ಇಳಿದಿದೆ... ಅಮ್ಮಾ, ಇಂಥ ವರದಿ ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಸೋಮವಾರ ನಾನೇ ಅಲ್ಲಿ ನಿಲ್ತೀನಿ."

ಸೋಮವಾರ ಬಸ್ಸು ದಾಟುವಾಗ ರಸ್ತೆಯಂಚಿನಲ್ಲಿ ಕಪ್ಪು ಕಾರು ನಿಂತಿತ್ತು. ಹಿಗ್ಗಿನ್ಸ್ ಬೊಂಬೆಯ ಕೈ ಹಿಡಿದು ಎಳೆಯುತ್ತಿದ್ದಳು. ಟೋಪಿ ರಸ್ತೆಗೆ ಬಿದ್ದು ಉರುಳಿತು. ವೆಂಡ್ಲಿಂಗ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ. ವರ್ಲೀನ್ ಕಿಟಕಿಗೆ ಹಣೆ ಒತ್ತಿ, ಕತ್ತು ಹೊರಳುವಷ್ಟೂ ಹೊತ್ತು ನೋಡಿದಳು. ಐಸಿಂಗ್ ಹಾಕಿದ ಕೇಕು ತಿಂದಷ್ಟು ಸಿಹಿಯಾಗಿತ್ತು ಅದು.

ಫೇರ್‌ಫ್ಯಾಕ್ಸ್ ಕೋರ್ಟಿಗೆ ಅವಳು ಈಸ್ಟರ್ ಹಬ್ಬದ ನೇರಳೆ ಟೋಪಿ ಹಾಕಿಕೊಂಡು ಹೋಗಿ ಮೊದಲ ಬೆಂಚಿನಲ್ಲಿ ಕೂತಳು. ದಂಡ ಬಿತ್ತು. ಅವನು ಅವಳನ್ನು ನೋಡಿದ. ತನ್ನ ಮೇಲೆ ಕಣ್ಣಿಟ್ಟವಳು ಯಾರು ಎಂದು ಅವನಿಗೆ ಅಂದೇ ಗೊತ್ತಾಯಿತು. ಗೊತ್ತಾದ ಮೇಲಾದರೂ ಬಿಡಬಹುದಿತ್ತು. ಹಟಕ್ಕೆ ಬಿದ್ದ. ಒಬ್ಬ ದರ್ಜಿ ಹೆಂಗಸಿಗೆ ಹೆದರಿ ಟೋಲ್ ಕೊಡುವುದೇ ಎಂದಿರಬೇಕು. ಹೊತ್ತು ಬದಲಿಸಿದ, ಬೊಂಬೆಗೆ ಕನ್ನಡಕ ಹಾಕಿದ. ಜೂನಿನಲ್ಲಿ ಮತ್ತೆ ಸಿಕ್ಕಿಬಿದ್ದ. ಎರಡು ಪಟ್ಟು ದಂಡ. ಆಗಸ್ಟಿನಲ್ಲಿ ಮೂರನೆಯ ಸಲ. ಅದರ ಎರಡು ಪಟ್ಟು, ಲೈಸನ್ಸಿಗೆ ಕಪ್ಪು ಚುಕ್ಕೆ, ನ್ಯಾಯಾಧೀಶರಿಂದ ತುಂಬಿದ ಕೋರ್ಟಿನಲ್ಲಿ ಹತ್ತು ನಿಮಿಷದ ಬುದ್ಧಿವಾದ. ಪ್ರತಿ ಸಲವೂ ನೇರಳೆ ಟೋಪಿ ಮೊದಲ ಬೆಂಚಿನಲ್ಲಿತ್ತು.

ಮೂರನೆಯ ಸಲ ಅವನು ಕೋರ್ಟಿನ ಪಡಸಾಲೆಯಲ್ಲಿ ಅವಳನ್ನು ತಡೆದ.

"ತೃಪ್ತಿ ಆಯ್ತಾ ನಿಮಗೆ?"

"ಇನ್ನೂ ಇಲ್ಲ."

"ನಾನು ಹದಿನೈದು ನಿಮಿಷ ಅಂದ್ಕೊಂಡೆ. ಮುಂದೆ ಆ್ಯಕ್ಸಿಡೆಂಟ್ ಆಗಿದೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಆಂಬುಲೆನ್ಸ್ ನಿಂತಿತ್ತು. ನೀನು ದರದ ಬೋರ್ಡ್ ನೋಡ್ದೆ. ನಾನು ನಿನ್ನ ಕಣ್ಣೇ ನೋಡ್ತಿದ್ದೆ ಕಣಯ್ಯಾ."

ಅವನು ಮೆಲ್ಲಗೆ ಹೇಳಿದ: "ಥರ್ಮಾಸ್ ಬಿದ್ದಿದ್ದು ಸೇತುವೆ ಮೇಲೆ. ನೀವು ಬಾಯಿ ಬಿಟ್ಟಿದ್ದು ಲಾರ್ಟನ್ ದಾಟಿದ ಮೇಲೆ. ಅಲ್ಲೀವರೆಗೂ ನೀವೇನು ಮಾಡ್ತಿದ್ರಿ ಮೇಡಂ?"

ಅಷ್ಟು ಹೇಳಿ ಹೊರಟುಹೋದ. ವರ್ಲೀನ್ ಅಲ್ಲೇ ಬೆಂಚಿನ ಮೇಲೆ ಕೂತಳು. ಅವನು ಸುಳ್ಳು ಹೇಳಿರಲಿಲ್ಲ. ಐದು ತಿಂಗಳಿಂದ ಅವಳು ಸಾಲು ಸಾಲಿಗೆ ಹೇಳಿದ ಕತೆಯಲ್ಲಿ ಥರ್ಮಾಸ್ ಇರಲಿಲ್ಲ. ಅದನ್ನು ಅವಳೇ ಬಿಟ್ಟಿದ್ದಳು.

ಆ ಸಂಜೆ ಯುಫೇಮಿಯಾಳ ಮನೆಗೆ ಹೋಗಿ, ಗಾಲಿಕುರ್ಚಿಯ ಎದುರು ಸ್ಟೂಲು ಎಳೆದುಕೊಂಡು ಕೂತಳು. ಪ್ರತಿ ಸಲ ಕೋರ್ಟಿನ ಸುದ್ದಿ ಹೇಳುವಾಗ ಯುಫೇಮಿಯಾಳ ಕಣ್ಣು ಹೊಳೆಯುತ್ತಿತ್ತು. ಈ ಸಲ ವರ್ಲೀನ್ ಬೇರೆ ಸುದ್ದಿ ಹೇಳಿದಳು.

"ಫೆಮಿಯಾ, ಸೇತುವೆ ಮೇಲೇ ನನಗೆ ಗೊತ್ತಾಗಿತ್ತು ಕಣೇ. ಏನೋ ಆಗಿದೆ ಅಂತ. ಕಾರಲ್ಲಿ ಮಾತಾಡಬಾರದು ಅಂತ ಸುಮ್ಮನೆ ಕೂತೆ. ಐದು ನಿಮಿಷ, ಆರು ನಿಮಿಷ... ಸುಮ್ಮನೆ ಕೂತಿದ್ದೆ."

ಯುಫೇಮಿಯಾ ಎಡಗೈ ಎತ್ತಿ ಬಾಗಿಲು ತೋರಿಸಿದಳು. "ಹೋಗು."

ಹನ್ನೆರಡು ದಿನ ವರ್ಲೀನ್ ಅತ್ತ ಹೋಗಲಿಲ್ಲ. ಸಾಲಿನಲ್ಲಿ ನಿಂತಳು, ಹೊಲಿದಳು, ಮನೆಗೆ ಬಂದಳು. ವೆಂಡ್ಲಿಂಗ್ ಈಗ ಎಕ್ಸ್‌ಪ್ರೆಸ್ ಲೇನ್ ಬಿಟ್ಟು ಮಾಮೂಲಿ ರಸ್ತೆಯಲ್ಲಿ ಎರಡು ಗಂಟೆ ತೆವಳುತ್ತಾನೆ, ಮೀಟಿಂಗುಗಳಿಗೆ ತಡವಾಗಿ ಕಂಪನಿಯವರು ಅವನ ಯೋಜನೆ ಕಿತ್ತುಕೊಂಡಿದ್ದಾರೆ, ಎಂದು ಹರ್ಷೆಲ್ ಸುದ್ದಿ ತಂದ. "ಸಂತೋಷ" ಎಂದಳು. ಆದರೆ ಆ ಮಾತಿನಲ್ಲಿ ಉಪ್ಪಿರಲಿಲ್ಲ. ಹದಿಮೂರನೆಯ ದಿನ ಯೋವಾನಾ ಫೋನ್ ಮಾಡಿದಳು. "ಧರ್ಮತಾಯಿ, ಅಮ್ಮ ಏನೋ ಹೇಳ್ಬೇಕಂತೆ." ಉಸಿರಾಟದ ಸದ್ದು, ಒದ್ದಾಟ, ಕೊನೆಗೆ ಒಂದು ಮಾತು. "ಬಾ."

ಹೋದಳು. ಯುಫೇಮಿಯಾ ಎಡಗೈಯಿಂದ ಅವಳ ಕೆನ್ನೆಗೆ ರಪ್ಪನೆ ಒಂದು ಕೊಟ್ಟಳು. ಏಟು ಸಣ್ಣದಾಗಿರಲಿಲ್ಲ. ಆಮೇಲೆ ಅದೇ ಕೈಯಿಂದ ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಇಬ್ಬರೂ ಅತ್ತು ಮುಗಿಸಿದ ಮೇಲೆ ಯುಫೇಮಿಯಾ ತನ್ನ ಮುಖದ ಸುತ್ತ ಬೆರಳಾಡಿಸಿ, ಹುಬ್ಬು ಹಾರಿಸಿದಳು. ವರ್ಲೀನಳಿಗೆ ಅರ್ಥವಾಯಿತು. ಮೂರನೆಯ ಸಲ ದಂಡ ಬಿದ್ದಾಗ ಅವನ ಮುಖ ಹೇಗಿತ್ತು? ಅದನ್ನು ಹೇಳದೆ ಹೋಗಿದ್ದಳಲ್ಲ! ವರ್ಲೀನ್ ಎದ್ದು ನಿಂತು, ನ್ಯಾಯಾಧೀಶರಾಗಿ, ವೆಂಡ್ಲಿಂಗ್ ಆಗಿ, ಕನ್ನಡಕದ ಬೊಂಬೆಯಾಗಿ ಎಲ್ಲವನ್ನೂ ಆಡಿ ತೋರಿಸಿದಳು. ಯುಫೇಮಿಯಾ ಅರ್ಧ ಬಾಯಲ್ಲಿ ನಕ್ಕು ನಕ್ಕು ಕೆಮ್ಮಿದಳು.

ಅಕ್ಟೋಬರಿನಲ್ಲಿ, ಹರ್ಷೆಲ್ ತಂದ ಸುದ್ದಿಯಂತೆ, ವೆಂಡ್ಲಿಂಗ್ ಮನೆ ಮಾರಾಟಕ್ಕೆ ಬಂತು. ಅವನಿಗೆ ಬೇರೆ ರಾಜ್ಯದಲ್ಲಿ, ಮೊದಲಿಗಿಂತ ಸಣ್ಣ ಕೆಲಸ ಸಿಕ್ಕಿತ್ತು. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಯಾರು ಬೇಕಾದರೂ ಬಂದು ಮನೆ ನೋಡಬಹುದು ಎಂದು ರಸ್ತೆಯ ತಿರುವಿನಲ್ಲಿ ಹಲಗೆ ನಿಂತಿತ್ತು. ಚರ್ಚು ಮುಗಿದ ಮೇಲೆ ವರ್ಲೀನ್, ಯೋವಾನಾಳ ಕಾರಿನಲ್ಲಿ ಯುಫೇಮಿಯಾಳನ್ನು ಕೂರಿಸಿಕೊಂಡು ಅಲ್ಲಿಗೆ ಹೋದಳು. ಯುಫೇಮಿಯಾ ಕೆಂಪು ಶಾಲು ಹೊದ್ದಿದ್ದಳು, ತುಟಿಗೆ ಬಣ್ಣ ಹಚ್ಚಿದ್ದಳು. ಮನೆ ತೋರಿಸುವ ಹೆಂಗಸು ಗಾಲಿಕುರ್ಚಿಗೆ ಬಾಗಿಲು ಅಗಲಿಸಿ, "ಬನ್ನಿ ಬನ್ನಿ, ಸ್ವಂತಕ್ಕೆ ನೋಡ್ತಿದೀರಾ?" ಎಂದಳು.

"ಹೌದು" ಎಂದಳು ವರ್ಲೀನ್. "ಬಹಳ ದಿನದಿಂದ ನೋಡ್ತಾ ಇದೀವಿ."

ವೆಂಡ್ಲಿಂಗ್ ಅಡುಗೆಮನೆಯಿಂದ ಒಂದು ಪೆಟ್ಟಿಗೆ ಹೊತ್ತು ಬಂದವನು ಹಜಾರದ ನಡುವೆ ನಿಂತುಬಿಟ್ಟ. ಅಂದು ಕಾರಿನಲ್ಲಿ ಪಕ್ಕದಲ್ಲೇ ಕೂತಿದ್ದವಳ ಮುಖವನ್ನು ಅವನು ನೋಡಿದ್ದು ಇದೇ ಮೊದಲು. ಜೋತುಬಿದ್ದ ತುಟಿ, ಮಡಿಲಲ್ಲಿ ಮಲಗಿದ ಬಲಗೈ.

"ಅಮ್ಮಾ... ನಾನು... ಹದಿನೈದು ನಿಮಿಷ ಅಂದ್ಕೊಂಡಿದ್ದೆ. ನಾನು ನಿಲ್ಲಿಸ್ಬೇಕಿತ್ತು."

ಯುಫೇಮಿಯಾ ಅವನನ್ನು ಕಾಲಿನಿಂದ ತಲೆಯವರೆಗೆ ಅಳೆದಳು. ಅವಳ ಬಳಿ ಇದ್ದದ್ದು ನಾಲ್ಕೈದು ಮಾತು. ಅದರಲ್ಲಿ ಒಂದನ್ನು ಆರಿಸಿದಳು.

"ಹೋಗು."

ಅದು ಅವನ ಮನೆ. ಆದರೂ ಅವನು ಪೆಟ್ಟಿಗೆಯನ್ನು ನೆಲಕ್ಕಿಟ್ಟು, ತಲೆ ತಗ್ಗಿಸಿ, ಮುಂಬಾಗಿಲಿನಿಂದ ಹೊರಗೆ ಹೋದ. ಅಂಗಳದಲ್ಲಿ ಕಪ್ಪು ಕಾರಿನ ಪಕ್ಕ ಹೆಗಲು ಇಳಿಬಿಟ್ಟು ನಿಂತ. ಮನೆ ತೋರಿಸುವವಳಿಗೆ ತಲೆಬುಡ ತಿಳಿಯಲಿಲ್ಲ. ವರ್ಲೀನಳಿಗೆ ಒಂದು ಚೂರೂ ಪಾಪ ಅನ್ನಿಸಲಿಲ್ಲ. ಅನ್ನಿಸಬಹುದೇನೋ ಎಂದು ತನ್ನೊಳಗೆ ಹುಡುಕಿ ನೋಡಿದಳು. ಇರಲಿಲ್ಲ.

ಇಬ್ಬರೂ ಅವಸರ ಮಾಡಲಿಲ್ಲ. ಅಡುಗೆಮನೆಯ ಒಂದೊಂದು ಕಪಾಟನ್ನೂ ತೆರೆದು ಮುಚ್ಚಿದರು. ಹಿತ್ತಲು ನೋಡಿದರು. ಯುಫೇಮಿಯಾ ಮೆಟ್ಟಿಲ ಕಡೆ ಗದ್ದ ಎತ್ತಿ, ಮೇಲೆ ಏನಿದೆ ಎಂದು ಕಣ್ಣಲ್ಲೇ ಕೇಳಿದಳು. ಅವಳ ಕುರ್ಚಿ ಮೇಲಕ್ಕೆ ಹೋಗುವಂತಿರಲಿಲ್ಲ. ವರ್ಲೀನ್ ಮಂಡಿನೋವಿನಲ್ಲೇ ಒಂದೊಂದು ಮೆಟ್ಟಿಲು ಹತ್ತಿ, ಕೋಣೆ ಕೋಣೆಗೂ ಹೋಗಿ, ಅಲ್ಲಿಂದಲೇ ಕೂಗಿ ಹೇಳತೊಡಗಿದಳು.

"ಫೆಮಿಯಾ, ಬಚ್ಚಲಿಗೆ ಹಸಿರು ಟೈಲ್ಸ್ ಹಾಕ್ಸಿದಾನೆ ಕಣೇ! ಕಪ್ಪೆ ಬಣ್ಣ! ಪರದೆ ಹೊಲಿದೋನು ಯಾರೋ, ಅಂಚು ಸೊಟ್ಟ!"

ಕೆಳಗಿನಿಂದ ಯುಫೇಮಿಯಾಳ ನಗು ಅಂಗಳದವರೆಗೂ ಕೇಳಿಸಿತು.